ಕಾರ್ಪೆಟ್ ಎದ್ದು ನಿಂತರೂ ನಾವು ಬಾಯಿ ಮುಚ್ಚಿ ಕೂರುವುದೇಕೆ?

ಅಂಗಡಿಯವನ ಮಗನೇ ಅಂಗಡಿಯವರ ವಿರುದ್ಧ ಬರೆಯುತ್ತಿದ್ದಾನೆ ಎಂದು ಕೆಲವರು ಹೇಳಬಹುದು. ಹೇಳಲಿ. ತಕ್ಕಡಿಯ ಹಿಂದೆ ಕೂತು ಬೆಳೆದವನಿಗೆ ಗಿರಾಕಿ ಯಾವಾಗ ಸುಮ್ಮನಾಗುತ್ತಾನೆ, ಅವನು ಸುಮ್ಮನಾದರೆ ಯಾರಿಗೆ ಲಾಭ ಎಂಬುದು ಇತರರಿಗಿಂತ ಸ್ವಲ್ಪ ಹೆಚ್ಚು ಗೊತ್ತಿರುತ್ತದೆ. ಆದ್ದರಿಂದಲೇ ಇದನ್ನು ಬರೆಯುತ್ತಿದ್ದೇನೆ.

ತಲಪಾಡಿಯಿಂದ ಕಾಸರಗೋಡಿನವರೆಗೆ ನಮ್ಮವರ ಹೊಸ ಮನೆಗಳಿಗೆ ಹೋಗಿ ನೋಡಿ. ಗಲ್ಫಿನಿಂದ ಅಣ್ಣನೋ ಭಾವನೋ ಹಣ ಕಳಿಸಿರುತ್ತಾರೆ. ಅಲ್ಲಿನ ಫ್ಲ್ಯಾಟಿನಲ್ಲಿ ಕಂಡ ಹಾಗೆ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಬೇಕು ಎಂದಿರುತ್ತಾರೆ. ಪೆರ್ನಾಲಿಗೋ, ಮದುವೆಗೋ, ಮನೆ ಒಕ್ಕಲಿಗೋ ಎರಡು ದಿನ ಇರುವಾಗ ಅವಸರದಲ್ಲಿ ಹಾಸಿಸಿರುತ್ತಾರೆ. ನೆಂಟರೆಲ್ಲ ಹೋದ ಮೇಲೆ ನೋಡಿದರೆ ನಡುವೆ ಅಲೆ ಎದ್ದಿರುತ್ತದೆ, ಮೂಲೆಯಲ್ಲಿ ಟೈಲ್ಸ್ ಇಣುಕುತ್ತಿರುತ್ತದೆ, ಬಾಗಿಲು ಅರ್ಧ ತೆರೆದು ಕಾರ್ಪೆಟಿಗೆ ಸಿಕ್ಕಿಕೊಳ್ಳುತ್ತದೆ. ಮನೆಯವರು ಎಂತ ಮಾಡುತ್ತಾರೆ? ಅಲೆ ಎದ್ದ ಜಾಗಕ್ಕೆ ಸೋಫಾ ಎಳೆಯುತ್ತಾರೆ, ಇಣುಕುವ ಮೂಲೆಗೆ ಹೂಕುಂಡ ಇಡುತ್ತಾರೆ, ಬಾಗಿಲು ತೆರೆದೇ ಇರಲಿ ಎನ್ನುತ್ತಾರೆ. ಇಪ್ಪತ್ತು ಸಾವಿರ ಕೊಟ್ಟವರು ಕಳ್ಳರ ಹಾಗೆ ತಪ್ಪನ್ನು ಅಡಗಿಸುತ್ತಾರೆ. ತಪ್ಪು ಮಾಡಿದವನು ಅಂಗಡಿಯಲ್ಲಿ ಫ್ಯಾನಿನ ಕೆಳಗೆ ಆರಾಮಾಗಿ ಕೂತಿರುತ್ತಾನೆ.

ನನ್ನ ವಾದ ಇಷ್ಟೇ. ಸರಿಯಾಗಿ ಕೂರದ ಕಾರ್ಪೆಟ್ ಎಂದರೆ ಮುಗಿಯದ ಕೆಲಸ. ಮುಗಿಯದ ಕೆಲಸಕ್ಕೆ ಪೂರ್ತಿ ಹಣ ಕೊಡುವುದು ಔದಾರ್ಯವಲ್ಲ, ಅದನ್ನು ಕೇಳುವುದು ಜಗಳವೂ ಅಲ್ಲ.

ನಮ್ಮ ಮನೆಯ ಸಂಗತಿಯನ್ನೇ ಹೇಳುತ್ತೇನೆ, ಲೆಕ್ಕ ಸಮೇತ. ಹಾಲ್ 14 ಅಡಿ ಅಗಲ, 16 ಅಡಿ ಉದ್ದ, ಅಂದರೆ 224 ಚದರ ಅಡಿ. ಅಡಿಗೆ 85 ರೂಪಾಯಿಯಂತೆ 19,040 ರೂಪಾಯಿ. ಅಂಗಡಿ ಮಂಗಳೂರಿನದು, ಮಾಲೀಕರು ಅತ್ತಿಗೆಗೆ ದೂರದ ಸಂಬಂಧ. ‘ಫಿಟ್ಟಿಂಗ್ ಫ್ರೀ’ ಎಂದಿದ್ದರು. ಕೆಲಸ ನಡೆದ ದಿನ ನಾನು ಡ್ಯೂಟಿಯಲ್ಲಿದ್ದೆ. ಸಂಜೆ ಕಾಕ ಬಾಕಿ ಹಣ ಎಣಿಸಿ ಕೊಟ್ಟು, ಭಾಯಿಗಳಿಗೆ ಚಹಾ ಕುಡಿಸಿ, ಕೈಗೆ ಇನ್ನೂರು ರೂಪಾಯಿ ಇಟ್ಟು ಕಳಿಸಿದ್ದರು.

ಈಗ ರೋಲಿನ ಲೆಕ್ಕ ನೋಡಿ. ಅವರು ತಂದ ರೋಲಿನ ಅಗಲ 4 ಮೀಟರ್. ಅಂದರೆ 13 ಅಡಿ ಒಂದೂವರೆ ಇಂಚು. ನಮ್ಮ ಹಾಲ್ 14 ಅಡಿ. ಹತ್ತೂವರೆ ಇಂಚು ಸಾಲುವುದಿಲ್ಲ. ಇದು ಅಳತೆ ತೆಗೆದ ದಿನವೇ ಅಂಗಡಿಯವರಿಗೆ ಗೊತ್ತಿರುವ ವಿಷಯ, ಅದಕ್ಕೆ ಡಿಪ್ಲೊಮಾ ಬೇಕಿಲ್ಲ. ಆಗ ಅವರು ಹೇಳಬೇಕಿತ್ತು: ‘ಇಲ್ಲಿ ಒಂದು ಜೋಡಣೆ ಬರುತ್ತದೆ. ಒಳ್ಳೆಯದಾಗಿ ಮಾಡಬೇಕಾದರೆ ಅದೇ ದಿಕ್ಕಿನ ತುಂಡು ಬೇಕು, ಮಾಲು ಹೆಚ್ಚು ಹೋಗುತ್ತದೆ, ಇಷ್ಟು ಖರ್ಚಾಗುತ್ತದೆ. ಬೇಡವಾದರೆ ಗೋಡೆಯ ಬದಿ ಬಿಟ್ಟು ಅಂಚು ಕಟ್ಟಿ ಕೊಡುತ್ತೇವೆ.’ ಎರಡೂ ಮರ್ಯಾದೆಯ ದಾರಿಗಳೇ. ಅವರು ಹಿಡಿದದ್ದು ಮೂರನೆಯದು. ಬಾಯಿ ಬಿಡದೆ, ಮಾಲು ಉಳಿಸಲು ರೋಲಿನ ಅಡ್ಡಕ್ಕೆ ಒಂದು ಪಟ್ಟಿ ಕತ್ತರಿಸಿ ಸೇರಿಸಿದರು. ಅಡ್ಡ ಪಟ್ಟಿ 13 ಅಡಿಗೆ ಮುಗಿಯಿತು, ಉಳಿದ ಮೂರು ಅಡಿಗೆ ಇನ್ನೊಂದು ತುಂಡು. ಎಲ್ಲ ಜೋಡಣೆಗಳೂ ಬಂದದ್ದು ಉಮ್ಮನ ಕೋಣೆಯ ಬಾಗಿಲಿನ ಎದುರು, ಮನೆಯಲ್ಲಿ ಅತಿ ಹೆಚ್ಚು ಓಡಾಟ ಇರುವ ಕಡೆ.

ಕಾರ್ಪೆಟಿನ ಎಳೆಗಳಿಗೆ ಒಂದು ದಿಕ್ಕು ಉಂಟು. ಬೆಕ್ಕಿನ ಮೈ ಸವರಿದ ಹಾಗೆ. ಒಂದು ಕಡೆಗೆ ಸವರಿದರೆ ನಯ, ಎದುರು ಸವರಿದರೆ ಒರಟು. ಎರಡು ತುಂಡುಗಳ ದಿಕ್ಕು ಒಂದೇ ಇಲ್ಲದಿದ್ದರೆ ಒಂದೇ ರೋಲಿನ ಮಾಲಾದರೂ ಬಣ್ಣ ಬೇರೆಯಾಗಿ ಕಾಣುತ್ತದೆ. ನಮ್ಮ ಹಾಲಿನಲ್ಲಿ ಆ ಪಟ್ಟಿ ಬೇರೆ ಬಣ್ಣದ ಹಾಗೆ ಕಾಣುತ್ತಿತ್ತು. ಅಂಗಡಿಗೆ ಫೋನ್ ಮಾಡಿದರೆ, ‘ಬೆಳಕಿಗೆ ಹಾಗೆ ಕಾಣುವುದು, ನಡೆದ ಹಾಗೆ ಸೆಟ್ ಆಗುತ್ತದೆ’ ಎಂಬ ಉತ್ತರ.

ಸೆಟ್ ಆಗಲಿಲ್ಲ. ಹದಿನೈದು ದಿನದೊಳಗೆ ಜೋಡಣೆಯ ಅಂಚು ಬಿಟ್ಟಿತು. ಬೆಳಗ್ಗೆ ಸುಬಹಿಗೆ ಎದ್ದ ಉಮ್ಮನ ಹೆಬ್ಬೆರಳು ಅದಕ್ಕೆ ಸಿಕ್ಕಿ ಬಿದ್ದರು. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟು ಆರು ವಾರ ಪ್ಲಾಸ್ಟರ್.

ಇಲ್ಲಿ ನನಗೆ ಸಿಟ್ಟು ಬಂದದ್ದು ಅಂಗಡಿಯವರ ಮೇಲೆ ಮಾತ್ರವಲ್ಲ. ನೋಡಲು ಬಂದವರೆಲ್ಲ ಉಮ್ಮನಿಗೇ ಬುದ್ಧಿ ಹೇಳಿದರು. ‘ನೋಡಿಕೊಂಡು ನಡೆಯಬಾರದಾ?’ ‘ವಯಸ್ಸಾದ ಮೇಲೆ ಲೈಟ್ ಹಾಕಿಕೊಂಡೇ ಏಳಬೇಕು.’ ಒಬ್ಬರೂ ಆ ಜೋಡಣೆಯನ್ನು ಬಗ್ಗಿ ನೋಡಲಿಲ್ಲ. ಒಬ್ಬರಂತೂ ಅದರ ಮೇಲೆ ಒಂದು ಚಾಪೆ ಹಾಕಿ ಎಂದರು. ಎದ್ದ ಅಂಚಿನ ಮೇಲೆ ಜಾರುವ ಚಾಪೆ! ಬಿದ್ದವರ ಕಾಲಿನಲ್ಲಿ ತಪ್ಪು ಹುಡುಕುವ ನಾವು, ಬೀಳಿಸಿದ ಕೆಲಸವನ್ನು ಮಾತ್ರ ಚಾಪೆಯಿಂದ ಮುಚ್ಚುತ್ತೇವೆ.

ಈ ಮೌನಕ್ಕೆ ನಾವು ಕೊಡುವ ಕಾರಣಗಳನ್ನು ಒಂದೊಂದಾಗಿ ನೋಡುವ.

ಮೊದಲನೆಯದು, ‘ಅವರು ನಮ್ಮವರೇ, ಹೇಗೆ ಕೇಳುವುದು?’ ನಮ್ಮವರು ಎಂಬ ಕಾರಣಕ್ಕೇ ಅಲ್ಲವಾ ಅವರ ಅಂಗಡಿಗೆ ಹೋದದ್ದು? ನಾಲ್ಕು ಅಂಗಡಿ ದಾಟಿ ಅಲ್ಲಿಗೇ ಹೋದೆವು, ಹೆಚ್ಚು ಚೌಕಾಸಿ ಮಾಡಲಿಲ್ಲ, ರಶೀದಿ ಕೇಳಲಿಲ್ಲ. ಸಂಬಂಧದ ಲಾಭವೆಲ್ಲ ಅವರಿಗೆ ಸಿಕ್ಕಿತು. ಅದೇ ಸಂಬಂಧ ನಮ್ಮ ಬಾಯಿಗೆ ಬೀಗ ಆಗಬೇಕಾ? ಸಂಬಂಧ ಇದ್ದಲ್ಲಿ ಕೆಲಸ ಇನ್ನೂ ಒಳ್ಳೆಯದಾಗಬೇಕು. ಬ್ಯಾರಿ ಎಂಬ ಹೆಸರೇ ತುಳುವಿನ ‘ಬ್ಯಾರ’ ಅಂದರೆ ವ್ಯಾಪಾರ ಎಂಬ ಮಾತಿನಿಂದ ಬಂದದ್ದು ಎನ್ನುತ್ತಾರೆ. ವ್ಯಾಪಾರದ ಹೆಸರು ಹೊತ್ತ ಸಮುದಾಯಕ್ಕೆ ಒಂದು ಬಿಲ್ಲಿನ ಬಗ್ಗೆ ಎದುರುಬದುರು ಕೂತು ಮಾತಾಡಲು ನಾಚಿಕೆಯಾದರೆ ಆ ಹೆಸರು ಯಾಕೆ?

ಎರಡನೆಯದು, ‘ಪಾಪ, ಆ ಹುಡುಗರ ಕೂಲಿ ಹೋಗುತ್ತದೆ.’ ಈ ಮಾತು ಕೇಳಲು ಒಳ್ಳೆಯದು, ಆದರೆ ಅದರ ಗುರಿ ತಪ್ಪಿದೆ. ಆ ಭಾಯಿಗಳಿಗೆ ಚದರ ಅಡಿಯ ಲೆಕ್ಕದಲ್ಲಿ ಕೂಲಿ. ದಿನಕ್ಕೆ ಎರಡು ಮೂರು ಮನೆ ಮುಗಿಸಿದರೆ ಮಾತ್ರ ಅವರ ಹೊಟ್ಟೆ ತುಂಬುತ್ತದೆ. ನೆಲ ಒಣಗಿದೆಯಾ ನೋಡಲು, ರೋಲನ್ನು ಒಂದು ದಿನ ಕೋಣೆಯಲ್ಲಿ ಬಿಚ್ಚಿಡಲು, ಸರಿಯಾಗಿ ಎಳೆದು ಕೂರಿಸಲು ಅವರಿಗೆ ಸಮಯ ಕೊಡದವನು ಮಾಲೀಕ. ‘ಫಿಟ್ಟಿಂಗ್ ಫ್ರೀ’ ಎಂಬ ಬೋರ್ಡಿನ ಅರ್ಥವೇ ಅದು. ಫ್ರೀ ಎಂಬ ಕೆಲಸ ಯಾವುದೂ ಇಲ್ಲ. ಒಂದೋ ಅದರ ದುಡ್ಡು ಮಾಲಿನ ದರದಲ್ಲಿ ಸೇರಿರುತ್ತದೆ, ಇಲ್ಲವೇ ಕೆಲಸಗಾರನ ಕೂಲಿಯಿಂದ ಕತ್ತರಿಸಿರುತ್ತದೆ. ನೀವು ಸುಮ್ಮನಾದರೆ ಆ ಹುಡುಗನಿಗೆ ಏನೂ ಸಿಗುವುದಿಲ್ಲ. ನಾಳೆಯೂ ಅವನನ್ನು ಹಾಗೆಯೇ ಓಡಿಸುತ್ತಾರೆ. ನಮ್ಮ ದೂರು ಕೆಲಸಗಾರನ ಮೇಲಲ್ಲ, ಬಿಲ್ ಕೊಟ್ಟವನ ಮೇಲೆ. ದುಡ್ಡು ತೆಗೆದುಕೊಂಡವನೇ ಜವಾಬ್ದಾರ.

ಮೂರನೆಯದು, ‘ನಡೆದ ಹಾಗೆ ಸರಿಯಾಗುತ್ತದೆ.’ ಇದರಲ್ಲಿ ಕಾಲು ಭಾಗ ಸತ್ಯ ಉಂಟು. ರೋಲಿನಲ್ಲಿ ಮಡಚಿದ್ದರಿಂದ ಬಂದ ಸಣ್ಣ ಗೆರೆಗಳು ಕೆಲವು ದಿನಗಳಲ್ಲಿ ತಾನಾಗಿಯೇ ಇಳಿಯುತ್ತವೆ. ಆದರೆ ಬಿಗಿಯಾಗಿ ಎಳೆಯದೆ ಹಾಸಿದ್ದರಿಂದ ಎದ್ದ ಅಲೆ ನಡೆದಷ್ಟೂ ಹೆಚ್ಚುತ್ತದೆ, ಯಾಕೆಂದರೆ ನಮ್ಮ ಪಾದ ಪ್ರತಿ ಸಲ ಅದನ್ನು ಇನ್ನಷ್ಟು ಮುಂದಕ್ಕೆ ನೂಕುತ್ತದೆ. ಗಿಡ್ಡ ಕತ್ತರಿಸಿದ ಕಾರ್ಪೆಟ್ ಗೋಡೆಯ ತನಕ ಬೆಳೆಯುವುದಿಲ್ಲ. ದಿಕ್ಕು ತಪ್ಪಿದ ತುಂಡು ತಿರುಗಿ ಕೂರುವುದಿಲ್ಲ.

ನಾಲ್ಕನೆಯದು, ‘ಸಬೂರ್ ಮಾಡುವ.’ ಸಬೂರ್ ದೊಡ್ಡ ಗುಣ. ಅದು ನಮ್ಮ ಕೈಯಲ್ಲಿ ಇಲ್ಲದ ಕಷ್ಟಕ್ಕೆ. ಫೋನ್ ಎತ್ತಿ ‘ಬಂದು ಸರಿ ಮಾಡಿ’ ಎಂದರೆ ಮುಗಿಯುವ ವಿಷಯಕ್ಕೆ ಸಬೂರಿನ ಹೆಸರು ಇಡುವುದು ನಮ್ಮ ಅಂಜಿಕೆಗೆ ಬಿಳಿ ಬಟ್ಟೆ ಉಡಿಸಿದ ಹಾಗೆ.

ವರ್ಕ್‌ಶಾಪಿನಲ್ಲಿ ಕೆಲಸ ಮಾಡುವವರಿಗೆ ಇದೆಲ್ಲ ಬಹಳ ಸರಳ. ಡ್ರಾಯಿಂಗಿನಲ್ಲಿ ಒಂದು ಅಳತೆ ಇರುತ್ತದೆ, ಎಷ್ಟು ಹೆಚ್ಚು ಕಡಿಮೆ ಆಗಬಹುದು ಎಂಬುದೂ ಇರುತ್ತದೆ. ಅದರೊಳಗೆ ಬಾರದ ಜಾಬ್ ವಾಪಸ್ಸು ಹೋಗುತ್ತದೆ. ಮಾಡಿದವನೇ ತನ್ನ ಖರ್ಚಿನಲ್ಲಿ ಸರಿ ಮಾಡುತ್ತಾನೆ. ಅದಕ್ಕೆ ಯಾರೂ ಜಗಳ ಎನ್ನುವುದಿಲ್ಲ, ರೀವರ್ಕ್ ಎನ್ನುತ್ತಾರೆ. ಮರುದಿನ ಇಬ್ಬರೂ ಒಂದೇ ಕ್ಯಾಂಟೀನಿನಲ್ಲಿ ಊಟ ಮಾಡುತ್ತಾರೆ. ಕಬ್ಬಿಣದ ತುಂಡಿಗೆ ಇರುವ ಈ ಮರ್ಯಾದೆ ನಮ್ಮ ಮನೆಯ ನೆಲಕ್ಕೆ ಬೇಡವಾ?

ಇನ್ನು ಅಂಗಡಿಯವರ ಆಟ. ಇದನ್ನು ನಾನು ಮೂರು ಮೂಲೆಯ ಆಟ ಎನ್ನುತ್ತೇನೆ. ಅಂಗಡಿಯವರು ಹೇಳುತ್ತಾರೆ, ‘ಫಿಟ್ಟಿಂಗ್ ಮಾಡಿದವರು ನಮ್ಮ ಜನ ಅಲ್ಲ, ಕಾಂಟ್ರಾಕ್ಟ್.’ ಫಿಟ್ಟರ್ ಹೇಳುತ್ತಾನೆ, ‘ನಿಮ್ಮ ನೆಲ ಸರಿ ಇಲ್ಲ.’ ಕಂಪೆನಿಯ ಇಂಗ್ಲಿಷ್ ಕಾಗದದಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ, ಫಿಟ್ಟಿಂಗಿನ ದೋಷಕ್ಕೆ ವಾರಂಟಿ ಇಲ್ಲ. ನೀವು ಈ ಮೂರು ಮೂಲೆಗೆ ಓಡಿ ಸುಸ್ತಾಗುತ್ತೀರಿ. ಮೂಲೆ ಮೂರಾದರೂ ಹಣ ಹೋದದ್ದು ಒಂದೇ ಮೂಲೆಗೆ. ಅಲ್ಲಿಂದ ಕದಲಬೇಡಿ.

‘ನೆಲ ಸರಿ ಇಲ್ಲ’ ಎಂಬ ಮಾತಿಗೂ ಉತ್ತರ ಉಂಟು. ವರ್ಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಊರು ನಮ್ಮದು. ಜೂನ್‌ನಿಂದ ಸೆಪ್ಟೆಂಬರ್ ತನಕ ಕೆಂಪುಕಲ್ಲಿನ ಗೋಡೆ ತಂಪು ಹಿಡಿಯುತ್ತದೆ, ಕೆಳಗಿನ ನೆಲ ಬೆವರುತ್ತದೆ. ದಿನವಿಡೀ ಏಸಿ ಓಡುವ ಗಲ್ಫಿನ ಕೋಣೆಯಲ್ಲಿ ನಡೆದದ್ದು ಉಪ್ಪಳದ ಜುಲೈಯಲ್ಲಿ ನಡೆಯುವುದಿಲ್ಲ. ತೇವ ಇರುವ ನೆಲಕ್ಕೆ ಗಮ್ ಹಚ್ಚಿದರೆ ಅದು ಹಿಡಿಯುವುದಿಲ್ಲ, ಹಿಡಿದರೂ ಬಿಡುತ್ತದೆ. ಅಡಿಯಲ್ಲಿ ಬೂಷ್ಟು ಬಂದು ವಾಸನೆ ಹೊಡೆಯುತ್ತದೆ, ಉಬ್ಬಸ ಇರುವವರಿಗೆ ಅದು ವಿಷ. ಇದನ್ನು ನೋಡಲು ಯಂತ್ರವೂ ಬೇಡ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಸಿಮೆಂಟ್ ನೆಲಕ್ಕೆ ಹಾಕಿ ನಾಲ್ಕು ಬದಿಯೂ ಟೇಪ್ ಅಂಟಿಸಿ ಒಂದು ರಾತ್ರಿ ಬಿಡಿ. ಬೆಳಗ್ಗೆ ತೆಗೆದಾಗ ಅಡಿಯಲ್ಲಿ ಬೆವರು ಕಂಡರೆ ಕೆಲಸ ನಿಲ್ಲಿಸಬೇಕು. ಟೈಲ್ಸ್ ಇದ್ದರೆ ಟೈಲ್ಸಿನ ಸಂದುಗಳ ಮೇಲೆ ಹಾಕಿ ನೋಡಿ. ಇದನ್ನು ಮಾಡಬೇಕಾದವರು ಅಂಗಡಿಯವರು. ನೋಡದೆ ಹಾಸಿ, ಆಮೇಲೆ ನೆಲವನ್ನು ದೂರುವುದು ಬಟ್ಟೆ ಹೊಲಿದಾದ ಮೇಲೆ ಗಿರಾಕಿಯ ಮೈಯನ್ನು ಬೈಯುವ ದರ್ಜಿಯ ಕೆಲಸ.

ಹಾಗಾದರೆ ಎಂತ ಮಾಡಬೇಕು? ಇಲ್ಲಿಂದ ಮುಂದೆ ಉಪದೇಶ ಅಲ್ಲ, ಕೆಲಸದ ಮಾತು.

ಆರ್ಡರ್ ಕೊಡುವಾಗಲೇ ರೋಲಿನ ಅಗಲ ಕೇಳಿ. ನಿಮ್ಮ ಕೋಣೆಗಿಂತ ಅದು ಕಡಿಮೆ ಇದ್ದರೆ ಜೋಡಣೆ ಎಲ್ಲಿ ಬರುತ್ತದೆ ಎಂದು ಕಾಗದದಲ್ಲಿ ಗೆರೆ ಎಳೆಸಿ. ಬಾಗಿಲ ಎದುರು ಬೇಡ ಎನ್ನಿ. ಟೈಲ್ಸಿಗೆ ಮೊಳೆಯ ಪಟ್ಟಿ ಹೊಡೆಯಲು ಬಿಡಬೇಡಿ, ಟೈಲ್ಸ್ ಒಡೆಯುತ್ತದೆ. ಅಂಟಿಸುವ ಕ್ರಮ ಉಂಟು. ಬಿಲ್ಲಿನಲ್ಲಿ ‘ಫಿಟ್ಟಿಂಗ್ ಸಹಿತ’ ಎಂದು ಬರೆಸಿ. ಈ ಎರಡು ಪದದ ಮುಂದೆ ‘ಕಾಂಟ್ರಾಕ್ಟ್’ ಎಂಬ ನೆಪ ನಿಲ್ಲುವುದಿಲ್ಲ. ಹಣದಲ್ಲಿ ಕಾಲು ಭಾಗವನ್ನಾದರೂ ಕೆಲಸ ನೋಡಿದ ಮೇಲೆ ಕೊಡುವುದೆಂದು ಮೊದಲೇ ಹೇಳಿ.

ಕೆಲಸ ಮುಗಿದ ಕೂಡಲೇ ಚಹಾ ತರುವ ಮೊದಲು ಐದು ನಿಮಿಷ ನೋಡಿ. ಎಲ್ಲ ಬಾಗಿಲುಗಳನ್ನು ಪೂರ್ತಿ ತೆರೆದು ಮುಚ್ಚಿ. ಬಾಗಿಲು ಉಜ್ಜಿದರೆ ಅಡಿಯನ್ನು ಎಷ್ಟು ಕೀಸಬೇಕು, ಯಾರು ಕೀಸುತ್ತಾರೆ ಎಂದು ಅಲ್ಲೇ ತೀರ್ಮಾನ ಮಾಡಿ. ಲೈಟ್ ಆರಿಸಿ ಮೊಬೈಲ್ ಟಾರ್ಚನ್ನು ನೆಲದ ಮಟ್ಟಕ್ಕೆ ಹಿಡಿಯಿರಿ, ಎಲ್ಲಿ ಅಲೆ ಎದ್ದಿದೆಯೋ ನೆರಳು ಹೇಳುತ್ತದೆ. ಜೋಡಣೆಯ ಮೇಲೆ ಬರಿಗಾಲಲ್ಲಿ ನಡೆಯಿರಿ. ಎರಡೂ ಬದಿ ಒಂದೇ ದಿಕ್ಕಿಗೆ ಕೈ ಸವರಿ ನೋಡಿ, ನಯ ಒಂದೇ ಇರಬೇಕು. ಬಾಗಿಲ ಬುಡದಲ್ಲಿ ಅಂಚಿಗೆ ಅಲ್ಯುಮಿನಿಯಂ ಪಟ್ಟಿ ಬಿಗಿದಿರಬೇಕು. ಕತ್ತರಿಸಿ ಉಳಿದ ತುಂಡುಗಳನ್ನು ಕೇಳಿ ಇಟ್ಟುಕೊಳ್ಳಿ. ಅದು ನಿಮ್ಮ ಹಣದ ಮಾಲು, ನಾಳೆ ತೇಪೆಗೆ ಬೇಕಾಗುತ್ತದೆ.

ತಪ್ಪು ಕಂಡರೆ ಕೂಗಾಡಬೇಡಿ. ಪಕ್ಕದಲ್ಲಿ ಅಳತೆ ಟೇಪ್ ಇಟ್ಟು ಫೋಟೋ ತೆಗೆಯಿರಿ. ಅಂಗಡಿಯ ನಂಬರಿಗೆ ವಾಟ್ಸಾಪಿನಲ್ಲಿ ಬರೆದು ಕಳಿಸಿ: ಇಂತಹ ದಿನ ಹಾಸಿದ್ದು, ಇಂತಹ ಕಡೆ ಇಷ್ಟು ಇಂಚು ಕಡಿಮೆ, ಏಳು ದಿನದೊಳಗೆ ಸರಿ ಮಾಡಿ ಕೊಡಿ. ಫೋನಿನ ಮಾತು ಗಾಳಿಗೆ ಹೋಗುತ್ತದೆ, ಬರಹ ಉಳಿಯುತ್ತದೆ. ಅಲ್ಲಿಯ ತನಕ ನೀವಾಗಿ ಗಮ್ ಸುರಿಯಬೇಡಿ, ಕತ್ತರಿ ಹಾಕಬೇಡಿ, ಬೇರೆ ಫಿಟ್ಟರನ್ನು ಕರೆಸಬೇಡಿ. ಹಾಗೆ ಮಾಡಿದರೆ ‘ನೀವೇ ಹಾಳು ಮಾಡಿದ್ದು’ ಎಂಬ ನೆಪಕ್ಕೆ ಬಾಗಿಲು ತೆರೆದ ಹಾಗೆ. ಮುದುಕರು ಮಕ್ಕಳು ಓಡಾಡುವ ಕಡೆ ಅಂಚು ಎದ್ದಿದ್ದರೆ ಅಗಲ ಟೇಪ್ ಅಂಟಿಸಿ ಇಡಿ, ಆ ಟೇಪಿನ ಫೋಟೋವನ್ನೂ ಕಳಿಸಿ.

ಏನನ್ನು ಕೇಳಬೇಕು ಎಂಬುದೂ ಗೊತ್ತಿರಲಿ. ಸಡಿಲ ಇದ್ದರೆ ಬದಿ ಬಿಡಿಸಿ ಮತ್ತೆ ಎಳೆದು ಕೂರಿಸಬಹುದು. ಜೋಡಣೆ ಬಿಟ್ಟಿದ್ದರೆ, ಎಳೆಯ ದಿಕ್ಕು ಸರಿ ಇದ್ದಲ್ಲಿ, ಮತ್ತೆ ಅಂಟಿಸಬಹುದು. ತೇವದಿಂದ ಎದ್ದಿದ್ದರೆ ತೆಗೆದು, ನೆಲ ಒಣಗಿಸಿಯೇ ಹಾಸಬೇಕು, ಮಳೆ ಮುಗಿಯುವ ತನಕ ಕಾಯುವುದಾದರೂ ಸರಿ. ಗಿಡ್ಡ ಕತ್ತರಿಸಿದ್ದರೆ, ದಿಕ್ಕು ತಪ್ಪಿ ಸೇರಿಸಿದ್ದರೆ ರಿಪೇರಿ ಇಲ್ಲ. ಆ ಭಾಗದ ಮಾಲು ಬದಲಾಗಬೇಕು ಅಥವಾ ಹಣ ವಾಪಸ್ಸಾಗಬೇಕು.

ಆಗಲೂ ಕೇಳದಿದ್ದರೆ? ಗಡಿಯಲ್ಲಿರುವ ನಮಗೆ ಒಂದು ಮುಖ್ಯ ಸಂಗತಿ ಇಲ್ಲಿದೆ. ನಾವು ಇರುವುದು ಕೇರಳದಲ್ಲಿ, ಸಾಮಾನು ತರುವುದು ಮಂಗಳೂರಿನಿಂದ. 1986ರ ಹಳೆಯ ಗ್ರಾಹಕ ಕಾಯ್ದೆಯಲ್ಲಿ ಅಂಗಡಿ ಇರುವ ಅಥವಾ ವ್ಯವಹಾರ ನಡೆದ ಊರಿನಲ್ಲೇ ದೂರು ಕೊಡಬೇಕಿತ್ತು. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಾವು ವಾಸಿಸುವ ಊರಿನ ಜಿಲ್ಲಾ ಆಯೋಗಕ್ಕೇ ದೂರು ಕೊಡಬಹುದು. ಅಂದರೆ ಅಂಗಡಿ ಹಂಪನಕಟ್ಟೆಯಲ್ಲಿದ್ದರೂ ನಮ್ಮ ದೂರು ಕಾಸರಗೋಡಿನ ಆಯೋಗದಲ್ಲಿ ನಡೆಯುತ್ತದೆ. ಐದು ಲಕ್ಷ ರೂಪಾಯಿ ತನಕದ ವ್ಯವಹಾರಕ್ಕೆ ಶುಲ್ಕ ಇಲ್ಲ. ವಕೀಲರೂ ಕಡ್ಡಾಯ ಅಲ್ಲ. ಎರಡು ವರ್ಷದೊಳಗೆ ದೂರು ಕೊಟ್ಟರೆ ಸಾಕು. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ, ವಾಪಸ್ಸು ಪಡೆದು ಹಣ ಕೊಡಲು ಒಪ್ಪದಿರುವುದನ್ನು ಈ ಕಾಯ್ದೆ ಅನುಚಿತ ವ್ಯಾಪಾರ ಎನ್ನುತ್ತದೆ. ಬಿಲ್ ಕೊಡದಿರುವುದನ್ನೂ ಹಾಗೆಯೇ ಎಣಿಸುತ್ತದೆ.

ಆಯೋಗಕ್ಕೆ ಹೋಗುವ ಮೊದಲು 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲಿಯೂ ಮಾತಾಡಬಹುದು. ಬಿಲ್ ಇಂಗ್ಲಿಷಿನಲ್ಲಿ, ಫಿಟ್ಟರ್ ಹಿಂದಿಯಲ್ಲಿ, ಕಚೇರಿಯ ಕಾಗದ ಮಲಯಾಳದಲ್ಲಿ ಎಂದು ನಮ್ಮ ಮನೆಯ ಹೆಂಗಸರು ಹಿಂದೆ ಸರಿಯುತ್ತಾರೆ. ಗಂಡಸರು ಗಲ್ಫಿನಲ್ಲಿ ಇರುತ್ತಾರೆ. ಹೀಗಿರುವ ಮನೆಗಳೇ ಅಂಗಡಿಯವರಿಗೆ ಅತಿ ಸುಲಭದ ಗಿರಾಕಿ. ಈ ಒಂದು ನಂಬರನ್ನು ಉಮ್ಮಂದಿರ, ತಂಗಿಯರ ಫೋನಿನಲ್ಲಿ ಇಂದೇ ಸೇವ್ ಮಾಡಿ ಕೊಡಿ.

ನಮ್ಮ ವಿಷಯದಲ್ಲಿ ಆಯೋಗದ ತನಕ ಹೋಗಬೇಕಾಗಲಿಲ್ಲ. ಫೋಟೋ, ಅಳತೆ, ಆಸ್ಪತ್ರೆಯ ಚೀಟಿ ಸೇರಿಸಿ ಬರೆದೆ, 1915ರಲ್ಲಿ ದೂರು ದಾಖಲಿಸಿದೆ, ಅದರ ಸಂಖ್ಯೆಯನ್ನು ಅಂಗಡಿಗೆ ಕಳಿಸಿದೆ. ಹತ್ತು ದಿನದಲ್ಲಿ ಬೇರೆ ಫಿಟ್ಟರ್ ಬಂದರು. ಪಟ್ಟಿಯನ್ನು ಕಿತ್ತು, ಗೋಡೆ ಬದಿಯ ಹತ್ತೂವರೆ ಇಂಚು ಖಾಲಿ ಬಿಟ್ಟು, ಅಂಚು ಕಟ್ಟಿ, ಪಟ್ಟಿ ಬಿಗಿದು ಕೊಟ್ಟರು. ಆ ತುಂಡಿನ ಹಣ ವಾಪಸ್ಸು ಬಂತು. ಅತ್ತಿಗೆಯ ಸಂಬಂಧ ಎಲ್ಲಿಗೂ ಹೋಗಲಿಲ್ಲ. ಮೊನ್ನೆಯ ನಿಕಾಹಿನಲ್ಲಿ ಆ ಮಾಲೀಕರೂ ನಾನೂ ಒಂದೇ ತಟ್ಟೆಯಲ್ಲಿ ಉಂಡೆವು.

ಕೊನೆಗೆ ಅಂಗಡಿಯವರಿಗೆ, ನಮ್ಮ ಮನೆಯ ಮಾತಾಗಿಯೇ ಒಂದು ಸಂಗತಿ. ನಮ್ಮ ಉಪ್ಪನ ದಿನಸಿ ಅಂಗಡಿಯಲ್ಲಿ ಕಲ್ಲು ಸಿಕ್ಕಿದ ಅಕ್ಕಿಯನ್ನು ವಾಪಸ್ಸು ತಂದವರಿಗೆ ಉಪ್ಪ ಸ್ಟೂಲ್ ಹಾಕಿ ಕೂರಿಸುತ್ತಿದ್ದರು. ಬೈದು ಹೋದ ಗಿರಾಕಿ ನಾಳೆ ಬರುತ್ತಾನೆ, ಸುಮ್ಮನೆ ಹೋದವನು ಬರುವುದಿಲ್ಲ, ಹತ್ತು ಜನರನ್ನೂ ಬರದ ಹಾಗೆ ಮಾಡುತ್ತಾನೆ ಎಂದು ಅವರ ಲೆಕ್ಕ. ನೀವೂ ಆ ಲೆಕ್ಕ ಹಾಕಿ. ‘ಫಿಟ್ಟಿಂಗ್ ಫ್ರೀ’ ಬೋರ್ಡ್ ತೆಗೆದು ಫಿಟ್ಟಿಂಗಿನ ದರ ಬರೆಯಿರಿ, ಆ ಹುಡುಗರಿಗೆ ಸರಿಯಾದ ಕೂಲಿಯನ್ನೂ ಸಮಯವನ್ನೂ ಕೊಡಿ, ಜೋಡಣೆ ಬರುವುದಾದರೆ ಮೊದಲೇ ಹೇಳಿ. ನಾವು ನಾಲ್ಕು ಕಾಸು ಹೆಚ್ಚು ಕೊಡುತ್ತೇವೆ.

ಮತ್ತು ಮನೆಯವರೇ, ಸೋಫಾ ಎಳೆದು ಅಲೆ ಮುಚ್ಚುವ ಕೆಲಸ ಸಾಕು. ಇಂದು ರಾತ್ರಿ ಟಾರ್ಚ್ ಹಿಡಿದು ನಿಮ್ಮ ಹಾಲಿನ ನೆಲವನ್ನೊಮ್ಮೆ ನೋಡಿ. ನೆರಳು ಕಂಡರೆ ಫೋಟೋ ತೆಗೆದು ಕಳಿಸಿ. ಯಾರಾದರೂ ಬಿದ್ದ ಮೇಲೆ ತೆಗೆಯುವುದಕ್ಕಿಂತ ಅದು ಒಳ್ಳೆಯದು.